ಪಲ್ಲಕ್ಕಿಯಲ್ಲಿ ಸಿಕ್ಕ ಮುನ್ನೂರು ರೂಪಾಯಿ

(ದಾವಣಗೆರೆ ನಗರ ಮತ್ತು ಹರಿಹರ ತಾಲ್ಲೂಕಿನ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ಹರಿಹರದಲ್ಲಿ ನಡೆದ ಸಭೆಯಲ್ಲಿ ಮಾಡಿದ ಭಾಷಣ)



ದಾವಣಗೆರೆಯಿಂದ ಬೆಳಿಗ್ಗೆ ಬಸ್ ಹಿಡಿದು ಬಂದವರಿದ್ದೀರಿ, ಹಳ್ಳಿಗಳಿಂದ ಆಟೋದಲ್ಲಿ ಬಂದವರಿದ್ದೀರಿ. ಕೂಲಿ ಬಿಟ್ಟು, ಮನೆ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದೀರಿ ಅನ್ನೋದು ನಮಗೆ ಗೊತ್ತು. ಅದಕ್ಕೆ ಉದ್ದ ಉಪದೇಶ ಮಾಡೋದಿಲ್ಲ. ಒಂದು ಕಥೆ ಹೇಳ್ತೀವಿ, ನಡೆದ ಕಥೆ.

ಈ ತಿಂಗಳು ನಿಮ್ಮಲ್ಲಿ ಬಹಳಷ್ಟು ಸಂಘಗಳಲ್ಲಿ ಪ್ರತಿನಿಧಿಗಳ ಬದಲಾವಣೆ ಇದೆ. ಹಳಬರು ಇಳಿಯಬೇಕು, ಹೊಸಬರು ಬರಬೇಕು. ಹೋದ ವಾರ ನಾವು ಒಂದು ಸಂಘದ ಸಭೆಗೆ ಹೋಗಿದ್ದೆವು. "ಮುಂದಿನ ಪ್ರತಿನಿಧಿ ಯಾರಾಗ್ತೀರಿ?" ಅಂತ ಕೇಳಿದ್ರೆ ಹದಿನೈದು ಜನರೂ ನೆಲ ನೋಡಿದ್ರು. ಕೊನೆಗೆ ಒಬ್ಬ ಅಕ್ಕ ಬಾಯಿ ಬಿಟ್ರು: "ಯಾಕ್ ಬೇಕು ಸಿಸ್ಟರ್ ಆ ಉಸಾಬರಿ? ಬ್ಯಾಂಕಿಗೆ ಹೋದ್ರೆ ಅಲ್ಲಿ ಮಾತು ಕೇಳ್ಬೇಕು, ವಾಪಸ್ ಬಂದ್ರೆ ಸಂಘದಾಗೆ ಮಾತು ಕೇಳ್ಬೇಕು. ನಡುವೆ ನಿಂತೋರಿಗೆ ಎರಡೂ ಕಡೆ ಏಟು."

ಆ ಅಕ್ಕನ ಮಾತು ಸುಳ್ಳಲ್ಲ. ನಡುವೆ ನಿಲ್ಲುವುದು ಕಷ್ಟದ ಕೆಲಸ. ಹಾಗೆ ನಡುವೆ ನಿಂತ ಒಬ್ಬ ಪಾದ್ರಿಯ ಕಥೆಯನ್ನೇ ಈವತ್ತು ಆರಿಸಿಕೊಂಡಿದ್ದೇವೆ. ಅವರು ನಮ್ಮ ಕಥೋಲಿಕ ಸಭೆಯವರಲ್ಲ, ಪ್ರೊಟೆಸ್ಟೆಂಟ್ ಪಂಗಡದ ಲೂಥರನ್ ಸಭೆಯವರು. ಆದರೂ ಅವರಿಂದ ನಾವೂ ನೀವೂ ಕಲಿಯುವುದು ಬಹಳ ಇದೆ.

ಕಥೆ ನಡೆದದ್ದು ಹೈದರಾಲಿಯ ಕಾಲದಲ್ಲಿ. ಹೈದರಾಲಿ ಅಂದ್ರೆ ನಮಗೆ ದೂರದವನಲ್ಲ. ನಾವು ಈಗ ಕೂತಿರುವ ಈ ಹರಿಹರ 1763ರಲ್ಲಿ ಅವನ ಕೈಗೆ ಬಂತು. ದಾವಣಗೆರೆ ಆಗ ಹೆಸರಿಲ್ಲದ ಒಂದು ಸಣ್ಣ ಹಳ್ಳಿ. ಹೈದರ್ ಅದನ್ನು ಅಪ್ಪಾಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವ್ಯಾಪಾರಸ್ಥರನ್ನು ಕರೆದು ಕೂರಿಸಿದ, ಊರು ಪೇಟೆಯಾಯಿತು. ಈವತ್ತು ನೀವು ಮೆಣಸಿನಪುಡಿ, ಶಾವಿಗೆ, ರೊಟ್ಟಿ ಮಾರಲು ಹೋಗುವ ದಾವಣಗೆರೆ ಪೇಟೆಯ ಬುಡ ಅಲ್ಲಿದೆ.

ಹಿಂದಿನ ಕಾಲದಲ್ಲಿ ರಾಜರು ಒಬ್ಬರಿಗೊಬ್ಬರು ಮಾತು ಕಳಿಸಬೇಕಾದರೆ ಎಷ್ಟೋ ಸಲ ಧರ್ಮದ ಕೆಲಸದಲ್ಲಿ ಇರುವವರನ್ನು ಕಳಿಸುತ್ತಿದ್ದರು. ಯಾಕೆ? ಅವರಿಗೆ ಓದುಬರಹ ಬರುತ್ತಿತ್ತು, ನಾಲ್ಕು ಭಾಷೆ ಬರುತ್ತಿತ್ತು. ಅವರ ಹತ್ತಿರ ಸೈನ್ಯ ಇಲ್ಲ, ಹಾಗಾಗಿ ಹೆದರಿಕೆ ಇಲ್ಲ. ಯುರೋಪಿನ ಬೋಸ್ನಿಯಾ ದೇಶದಲ್ಲಿ ಹದಿನೈದನೇ ಶತಮಾನದಲ್ಲಿ ರಾದಿನ್ ಅನ್ನುವ ಧರ್ಮಗುರು ಇದ್ದರು. ಅಲ್ಲಿಯ ಪ್ರಭುವಿನ ಪರವಾಗಿ ಡುಬ್ರೊವ್ನಿಕ್ ಎಂಬ ವ್ಯಾಪಾರದ ಪಟ್ಟಣಕ್ಕೆ ಸಂಧಾನಕ್ಕೆ ಹೋಗಿಬರುವ ಕೆಲಸ ಅವರದು. 1466ರಲ್ಲಿ ಅವರು ತಮ್ಮ ಆಸ್ತಿಯ ಉಯಿಲು ಬರೆಸಿದರು. ಯಾರಿಗೆ ಎಷ್ಟು, ಬಡವರಿಗೆ ಎಷ್ಟು ಎಂದು ಲೆಕ್ಕವಾಗಿ ಬರೆದ ಆ ಉಯಿಲು ಈಗಲೂ ಚರಿತ್ರೆ ಓದುವವರಿಗೆ ದೊಡ್ಡ ಆಧಾರ. ನಮ್ಮ ಕರ್ನಾಟಕಕ್ಕೂ ಇಂಥವರು ಬಂದಿದ್ದಾರೆ. 1510ರಲ್ಲಿ ಪೋರ್ಚುಗೀಸರು ವಿಜಯನಗರದ ಕೃಷ್ಣದೇವರಾಯನ ಹತ್ತಿರ ಲೂಯಿಸ್ ಎಂಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ಕಳಿಸಿದ್ದರು. ಅವರು ವಿಜಯನಗರದಲ್ಲೇ ಕೊಲೆಯಾದರು. ನೋಡ್ರಿ, ನಡುವೆ ನಿಲ್ಲುವುದು ಅಷ್ಟು ಅಪಾಯದ ಕೆಲಸ.

ಈಗ ನಮ್ಮ ಪಾದ್ರಿಗೆ ಬರೋಣ. ಅವರ ಹೆಸರು ಕ್ರಿಸ್ಟಿಯನ್ ಫ್ರೆಡ್ರಿಕ್ ಶ್ವಾರ್ಟ್ಸ್. ಹುಟ್ಟಿದ್ದು 1726ರಲ್ಲಿ ಜರ್ಮನರ ನಾಡಿನಲ್ಲಿ. 1750ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಹಡಗಿನಲ್ಲಿ ಬಂದಿಳಿದರು. ಮತ್ತೆ ತಾಯಿನಾಡಿಗೆ ಹೋಗಲೇ ಇಲ್ಲ. ಮದುವೆಯಾಗಲಿಲ್ಲ. ತಿರುಚಿರಾಪಳ್ಳಿಯಲ್ಲಿ, ಆಮೇಲೆ ತಂಜಾವೂರಿನಲ್ಲಿ ಇದ್ದರು. ತಮಿಳು, ಹಿಂದೂಸ್ತಾನಿ, ಪಾರ್ಸಿ, ಮರಾಠಿ, ಪೋರ್ಚುಗೀಸ್ ಎಲ್ಲಾ ಕಲಿತರು. ಶಾಲೆ ನಡೆಸಿದರು, ಅನಾಥ ಮಕ್ಕಳನ್ನು ನೋಡಿಕೊಂಡರು.

1779ರಲ್ಲಿ ಮದರಾಸಿನ ಇಂಗ್ಲಿಷ್ ಗವರ್ನರ್ ಸರ್ ಥಾಮಸ್ ರಂಬೋಲ್ಡ್ ಅವರನ್ನು ಕರೆಸಿದ. "ಹೈದರಾಲಿಯ ಹತ್ತಿರ ಹೋಗಿ, ಅವನ ಮನಸ್ಸಿನಲ್ಲಿ ಏನಿದೆ ತಿಳಿದುಕೊಳ್ಳಿ, ನಮಗೆ ಶಾಂತಿ ಬೇಕಾಗಿದೆ ಅಂತ ಹೇಳಿ" ಎಂಬ ಕೆಲಸ ವಹಿಸಿದ. ಹೈದರನಿಗೆ ಇಂಗ್ಲಿಷರ ಮೇಲೆ ಸಿಟ್ಟಿತ್ತು. ಆ ಸಿಟ್ಟಿಗೆ ಕಾರಣವೂ ಇತ್ತು. 1769ರಲ್ಲಿ ಒಬ್ಬರಿಗೊಬ್ಬರು ಸಹಾಯ ಮಾಡುತ್ತೇವೆ ಎಂದು ಒಪ್ಪಂದ ಆಗಿತ್ತು. ಆದರೆ ಮರಾಠರು ಮೈಸೂರಿನ ಮೇಲೆ ಬಿದ್ದಾಗ ಇಂಗ್ಲಿಷರು ಬರಲಿಲ್ಲ. 1779ರ ಮಾರ್ಚಿನಲ್ಲಿ ಇಂಗ್ಲಿಷರು ಮಾಹೆ ಬಂದರನ್ನು ಹಿಡಿದರು. ಹೈದರನಿಗೆ ಬಂದೂಕು, ಮದ್ದುಗುಂಡು ಬರುತ್ತಿದ್ದದ್ದೇ ಆ ಬಂದರಿನಿಂದ.

ಶ್ವಾರ್ಟ್ಸ್ ಕೂಡಲೇ ಹೂಂ ಅನ್ನಲಿಲ್ಲ. ಯೋಚನೆಗೆ, ಪ್ರಾರ್ಥನೆಗೆ ಸಮಯ ಕೇಳಿದರು. ಯುದ್ಧ ತಪ್ಪಿಸುವ ಕೆಲಸ, ಇದರಲ್ಲಿ ಕಪಟ ಇಲ್ಲ ಅನ್ನಿಸಿದ ಮೇಲೆ ಒಪ್ಪಿಕೊಂಡರು. ಹೊರಡುವ ಮೊದಲೇ ಒಂದು ತೀರ್ಮಾನವನ್ನೂ ಮಾಡಿಕೊಂಡರು. ದಾರಿ ಖರ್ಚು ಬಿಟ್ಟು ಯಾರಿಂದಲೂ ಒಂದು ಕಾಸಿನ ಉಡುಗೊರೆಯನ್ನೂ ಮುಟ್ಟುವುದಿಲ್ಲ ಎಂದು. ತೀರ್ಮಾನ ಹೊರಡುವ ಮೊದಲು ಆಗಿತ್ತು ಅನ್ನೋದನ್ನ ನೆನಪಿಟ್ಟುಕೊಳ್ರಿ. ಉಡುಗೊರೆ ಎದುರಿಗೆ ಬಂದು ಕೂತ ಮೇಲೆ ತೀರ್ಮಾನ ಮಾಡೋದು ಕಷ್ಟ.

ಜುಲೈ ತಿಂಗಳಲ್ಲಿ ಹೊರಟರು. ಜೊತೆಗೆ ಸತ್ಯನಾದನ್ ಎಂಬ ಉಪದೇಶಿ ಇದ್ದರು. ಹೈದರನ ಗಡಿಯ ಕರೂರಿನಲ್ಲಿ ಅಪ್ಪಣೆಗಾಗಿ ಕಾದರು. ಘಾಟಿ ಹತ್ತಿ ಆಗಸ್ಟ್ ಕೊನೆಗೆ ಶ್ರೀರಂಗಪಟ್ಟಣ ಸೇರಿದರು. ಆಗ ಅವರಿಗೆ 52 ವರ್ಷ, ನಮ್ಮ ಹಾಗೆ ಐವತ್ತು ದಾಟಿದವರು. ಊರೊಳಗೆ ಜ್ವರದ ಕಾಯಿಲೆ ಹರಡಿತ್ತು, ಹಾಗಾಗಿ ಕೋಟೆಯ ಹೊರಗೆ ಡೇರೆ ಹಾಕಿಕೊಟ್ಟರು.

ಅಲ್ಲಿ ಕಂಡದ್ದನ್ನು ಶ್ವಾರ್ಟ್ಸ್ ಬರೆದಿಟ್ಟಿದ್ದಾರೆ. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವನ ನೆನಪಿನ ಶಕ್ತಿ ದೊಡ್ಡದು. ಒಬ್ಬನಿಂದ ಪತ್ರ ಬರೆಸಿ ಓದಿಸುತ್ತಿದ್ದ, ಮತ್ತೆ ಬೇರೆಯವನನ್ನು ಕರೆದು ಅದೇ ಪತ್ರ ಓದಿಸುತ್ತಿದ್ದ. ಬರೆದವನು ಹೇಳಿದ್ದಕ್ಕಿಂತ ಬೇರೆ ಬರೆದಿದ್ದರೆ ಸಿಕ್ಕಿಬೀಳುತ್ತಿದ್ದ. ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಅಜ್ಜಿಯಂದಿರು ಕೆಲವರು ಇದ್ದೀರಲ್ಲ, ನೀವೂ ಹೀಗೇ ಮಾಡಬಹುದು. ಒಬ್ಬರು ಬರೆದದ್ದನ್ನು ಇನ್ನೊಬ್ಬರ ಹತ್ತಿರ ಓದಿಸಿ. ಅದು ಅನುಮಾನ ಪಡುವುದಲ್ಲ, ನಿಮ್ಮ ಹಕ್ಕು.

ಇನ್ನೊಂದು ಸಂಗತಿ. ದಾರಿಯಲ್ಲಿ ಹಲವು ಕಮಾನುಗಳ ಒಂದು ಸೇತುವೆ ಇತ್ತು. ಮಳೆ ಬಂದು ಸ್ವಲ್ಪ ಮಣ್ಣು ಕೊಚ್ಚಿ ಹೋದರೂ ಅಧಿಕಾರಿಗಳು ಕೂಡಲೇ ಆಳು ಕಳಿಸಿ ತುಂಬಿಸಬೇಕು, ಅದು ಹೈದರನ ಕಟ್ಟಪ್ಪಣೆ. ಹಾನಿಯಾದದ್ದನ್ನು ಆಗಲೇ ಸರಿ ಮಾಡಿದರೆ ಖರ್ಚು ಕಡಿಮೆ ಎಂದು ಶ್ವಾರ್ಟ್ಸ್ ಮೆಚ್ಚಿ ಬರೆದರು. ಇಂಗ್ಲಿಷರ ಕಡೆ ಎಲ್ಲಾ ಹಾಳುಬೀಳಲು ಬಿಡುತ್ತಾರೆ ಎಂದೂ ಬರೆದರು. ಕಳಿಸಿದವರ ತಪ್ಪನ್ನೂ ಮುಚ್ಚಿಡಲಿಲ್ಲ ನೋಡ್ರಿ.

ಹೈದರ್ ಅವರನ್ನು ಮರ್ಯಾದೆಯಿಂದ ಕಂಡ. ತನ್ನ ಪಕ್ಕದಲ್ಲೇ ಜಮಖಾನೆಯ ಮೇಲೆ ಕೂರಿಸಿಕೊಂಡು ಮಾತಾಡಿದ. ಇಂಗ್ಲಿಷರು ಮಾತು ಮುರಿದದ್ದನ್ನೆಲ್ಲಾ ಹೇಳಿದ, ಪತ್ರದಲ್ಲೂ ಬರೆಸಿದ. ಶ್ವಾರ್ಟ್ಸ್ ಅದನ್ನು ಇದ್ದಂತೆ ಮದರಾಸಿಗೆ ತಲುಪಿಸಿದರು.

ಹೊರಡುವ ದಿನ ಬಂತು. ಪಲ್ಲಕ್ಕಿ ಹತ್ತಿ ಕೂತರೆ ಅಲ್ಲಿ ಒಂದು ಚೀಲ. ಒಳಗೆ 300 ರೂಪಾಯಿ. ದಾರಿ ಖರ್ಚಿಗೆ ಅಂತ ಹೈದರ್ ಇಡಿಸಿದ್ದು. 1779ರಲ್ಲಿ 300 ರೂಪಾಯಿ ಅಂದ್ರೆ ಸಣ್ಣ ದುಡ್ಡಲ್ಲ. ಶ್ವಾರ್ಟ್ಸ್ ವಾಪಸ್ ಕೊಡಲು ಹೋದರು. ಹೈದರನ ಅಧಿಕಾರಿ ಹೆದರಿಬಿಟ್ಟ. ವಾಪಸ್ ತಗೊಂಡು ಹೋದರೆ ನನ್ನ ಜೀವ ಉಳಿಯೋದಿಲ್ಲ ಅಂದ.

ಈಗ ಏನು ಮಾಡಬೇಕು ಹೇಳ್ರಿ? ತಗೊಂಡರೆ ತಮ್ಮ ತೀರ್ಮಾನ ಮುರೀತದೆ. ಬಿಟ್ಟರೆ ಇನ್ನೊಬ್ಬನ ಜೀವ ಹೋಗ್ತದೆ. ಅವರು ಚೀಲ ತಗೊಂಡರು. ಆದರೆ ಮದರಾಸಿಗೆ ಹೋದ ಮೇಲೆ ಸರಕಾರದ ಮುಂದೆ ಇಟ್ಟು, ಹೀಗೆ ಬಂತು ಅಂತ ಹೇಳಿದರು. ನೀವೇ ಇಟ್ಟುಕೊಳ್ಳಿ ಎಂದು ಅವರು ಒತ್ತಾಯ ಮಾಡಿದರು. ಆಗ ಶ್ವಾರ್ಟ್ಸ್, ತಂಜಾವೂರಿನ ಬಡ ಮಕ್ಕಳ ಶಾಲೆಗೆ ಇದೇ ಮೊದಲ ನಿಧಿಯಾಗಲಿ ಎಂದು ಕೇಳಿಕೊಂಡರು. ಹಾಗೇ ಆಯಿತು.

ಆಮೇಲೆ ಶಾಂತಿ ಆಯ್ತಾ? ಇಲ್ಲ. 1780ರ ಜುಲೈನಲ್ಲಿ ಹೈದರ್ ದೊಡ್ಡ ಸೈನ್ಯದೊಂದಿಗೆ ಘಾಟಿ ಇಳಿದ. ತಮಿಳು ನಾಡಿನ ಹಳ್ಳಿ ಹಳ್ಳಿ ಸುಟ್ಟುಹೋಯಿತು. ಕಳಿಸಿದ ಇಂಗ್ಲಿಷರಿಗೆ ಮಾತು ಉಳಿಸಿಕೊಳ್ಳುವ ಮನಸ್ಸು ಇರಲಿಲ್ಲ. ರಂಬೋಲ್ಡನ ಮೇಲೇ ಆಮೇಲೆ ಭ್ರಷ್ಟಾಚಾರದ ಆರೋಪ ಬಂದು ಕಂಪನಿ ಅವನನ್ನು ಕೆಲಸದಿಂದ ತೆಗೆದುಹಾಕಿತು. ಪ್ರತಿನಿಧಿ ಎಷ್ಟೇ ಪ್ರಾಮಾಣಿಕಳಾಗಿರಲಿ, ಕಳಿಸಿದ ಸಂಘ ಮಾತಿಗೆ ತಪ್ಪಿದರೆ ಅವಳು ಏನು ಮಾಡಿಯಾಳು? ಬ್ಯಾಂಕಿನಲ್ಲಿ "ಪ್ರತಿ ತಿಂಗಳು ಕಟ್ತೀವಿ" ಅಂತ ಅವಳಿಂದ ಸಹಿ ಹಾಕಿಸಿ, ಆಮೇಲೆ ನಾಲ್ಕು ಜನ ಕಂತು ಕಟ್ಟದೆ ಮನೆಯಲ್ಲಿ ಕೂತರೆ, ಪೇಟೆಯಲ್ಲಿ ತಲೆ ತಗ್ಗಿಸಿ ಓಡಾಡುವವಳು ಅವಳೊಬ್ಬಳೇ. ಇದನ್ನು ಪ್ರತಿನಿಧಿಗಳಿಗಿಂತ ಹೆಚ್ಚಾಗಿ ಉಳಿದ ಸದಸ್ಯರು ಕೇಳಿಸಿಕೊಳ್ಳಬೇಕು. ನಿಮ್ಮ ಸಂಘಕ್ಕೆ ಹೋಗಿ ಇದನ್ನು ಹೇಳ್ರಿ.

ಹಾಗಾದರೆ ಶ್ವಾರ್ಟ್ಸ್ ಮಾಡಿದ ಕೆಲಸ ನೀರಲ್ಲಿ ಹೋಮ ಆಯಿತಾ? ಅದೂ ಇಲ್ಲ. ಮುಂದೆ ಕೇಳ್ರಿ.

ಯುದ್ಧ ಜೋರಾಗಿ ನಡೆಯುತ್ತಿದ್ದಾಗ ಹೈದರ್ ತನ್ನ ಸೈನ್ಯಕ್ಕೆ ಒಂದು ಅಪ್ಪಣೆ ಕೊಟ್ಟ. ಪಾದ್ರಿ ಶ್ವಾರ್ಟ್ಸ್ ಎಲ್ಲಿ ಓಡಾಡಿದರೂ ತಡೆಯಬಾರದು, ಮರ್ಯಾದೆಯಿಂದ ಬಿಡಬೇಕು ಎಂದು. ಎದುರು ಪಕ್ಷದಿಂದ ಬಂದವನು ಎಂದು ಗೊತ್ತಿದ್ದೂ ಈ ಅಪ್ಪಣೆ ಕೊಟ್ಟ.

ಅದೇ ಹೊತ್ತಿಗೆ ತಂಜಾವೂರಿನ ಕೋಟೆಯಲ್ಲಿ ಅನ್ನ ಇರಲಿಲ್ಲ. ಬೆಳಿಗ್ಗೆ ಎದ್ದರೆ ಬೀದಿಯಲ್ಲಿ ಹಸಿದು ಸತ್ತವರ ಹೆಣ. ಹೊರಗೆ ಹಳ್ಳಿಗಳಲ್ಲಿ ಭತ್ತ ಇತ್ತು, ಆದರೆ ಹೇರಿಕೊಂಡು ಬರಲು ಎತ್ತು ಬೇಕಲ್ಲ! ರೈತರು ಎತ್ತು ಕೊಡಲು ಒಪ್ಪಲಿಲ್ಲ. ರಾಜ ಕೇಳಿದ, ಕೊಡಲಿಲ್ಲ. ಇಂಗ್ಲಿಷರು ಕೇಳಿದರು, ಕೊಡಲಿಲ್ಲ. ಯಾಕೆಂದರೆ ಹಿಂದೆ ಕೊಟ್ಟವರಿಗೆ ದುಡ್ಡು ಬಂದಿರಲಿಲ್ಲ. ಕೊನೆಗೆ ರಾಜ ಅಂದನಂತೆ, ನಮ್ಮೆಲ್ಲರ ಮೇಲಿನ ನಂಬಿಕೆ ಹೋಗಿದೆ, ಆ ಪಾದ್ರಿಯನ್ನಾದರೂ ಜನ ನಂಬುತ್ತಾರೋ ನೋಡೋಣ ಎಂದು. ಶ್ವಾರ್ಟ್ಸ್ ತಮ್ಮ ಹೆಸರಿನಲ್ಲಿ ಹೇಳಿ ಕಳಿಸಿದರು, ನಿಮ್ಮ ದುಡ್ಡಿಗೆ ನಾನು ಹೊಣೆ ಎಂದು. ಒಂದೆರಡು ದಿನದಲ್ಲಿ ಸಾವಿರ ಎತ್ತು ಬಂದವು! ಸ್ವಲ್ಪ ಕಾಲದಲ್ಲೇ 80,000 ಕಲಂ ಧಾನ್ಯ ಕೋಟೆ ಸೇರಿತು. ಕಲಂ ಅಂದ್ರೆ ತಮಿಳರ ಒಂದು ಅಳತೆ. ಕೋಟೆ ಉಳಿಯಿತು, ಜನ ಬದುಕಿದರು. ಶ್ವಾರ್ಟ್ಸ್ ಕೊಟ್ಟ ಮಾತಿನಂತೆ ಪ್ರತಿಯೊಬ್ಬರಿಗೂ ದುಡ್ಡು ಕೊಟ್ಟು ಮುಗಿಸಿದರು.

ಆ ರೈತರು ಇಟ್ಟ ನಂಬಿಕೆ ಆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಪಲ್ಲಕ್ಕಿಯ ಚೀಲವನ್ನು ಸಭೆಯ ಮುಂದೆ ಇಟ್ಟ ಹಾಗೆ, ವರ್ಷಗಟ್ಟಲೆ ಸಣ್ಣ ಸಣ್ಣ ಲೆಕ್ಕ ಒಪ್ಪಿಸುತ್ತಾ ಬಂದದ್ದು ಆ ದಿನ ಸಾವಿರ ಎತ್ತಾಗಿ ಬಂತು.

ಈಗ ನಮ್ಮದೇ ಒಂದು ಅನುಭವ ಹೇಳ್ತೀವಿ. ಇದರಲ್ಲಿ ತಪ್ಪು ನಮ್ಮದೂ ಇದೆ. ಸುಮಾರು ವರ್ಷಗಳ ಹಿಂದೆ ಒಂದು ಸಂಘದವರು ಶಾವಿಗೆ ಮಾಡಿ ಮಾರುತ್ತಿದ್ದರು. ಪ್ರತಿನಿಧಿ ಅಕ್ಕ ಒಬ್ಬ ಅಂಗಡಿಯವರ ಹತ್ತಿರ ಮಾತಾಡಿ ದರ ಗೊತ್ತು ಮಾಡಿ ಬಂದಳು. ದೀಪಾವಳಿಗೆ ಆ ಅಂಗಡಿಯವರು ಅವಳಿಗೆ ಒಂದು ಸೀರೆ ಕೊಟ್ಟರು. ಬೇಡ ಅಂದ್ರೆ ಬಿಡಲಿಲ್ಲ. ಪಾಪ, ಅವಳು ಬಂದು ನಮ್ಮನ್ನು ಕೇಳಿದಳು, "ಏನ್ ಮಾಡ್ಲಿ ಸಿಸ್ಟರ್?" ಅಂತ. ನಾವು ಏನಂದೆವು ಗೊತ್ತಾ? "ಹಬ್ಬಕ್ಕೆ ಪ್ರೀತಿಯಿಂದ ಕೊಟ್ಟಿದ್ದಾರೆ, ಇಟ್ಕೋ, ಯಾರಿಗೂ ಹೇಳಲು ಹೋಗಬೇಡ, ಸುಮ್ಮನೆ ಜಗಳ ಆಗ್ತದೆ" ಅಂದೆವು.

ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದವರು ನಾವು! ಗುಟ್ಟು ಎಷ್ಟು ದಿನ ಉಳೀತದೆ? ಸಂಕ್ರಾಂತಿಗೆ ಆ ಸೀರೆ ಉಟ್ಟಳು, ಅಂಗಡಿಯ ಹುಡುಗ ಯಾರ ಹತ್ತಿರವೋ ಹೇಳಿದ. "ಸೀರೆ ಇಸ್ಕೊಂಡು ನಮ್ಮ ಶಾವಿಗೆಗೆ ದರ ಕಡಿಮೆ ಮಾಡಿ ಬಂದಾಳೆ" ಅಂತ ಊರೆಲ್ಲಾ ಮಾತಾಯಿತು. ದರದಲ್ಲಿ ಮೋಸ ಆಗಿರಲಿಲ್ಲ, ಬೇರೆ ಅಂಗಡಿಗಳಿಗಿಂತ ಒಳ್ಳೆ ದರವೇ ಇತ್ತು. ಆದರೆ ಯಾರು ನಂಬುತ್ತಾರೆ? ಮುಚ್ಚಿಟ್ಟದ್ದೇ ಸಾಕ್ಷಿ ಆಯಿತು. ಆ ಅಕ್ಕ ಮೂರು ವಾರ ಸಭೆಗೆ ಬರಲಿಲ್ಲ. ಐದು ಜನ ಉಳಿತಾಯ ವಾಪಸ್ ಕೊಡಿ ಅಂದ್ರು.

ಆಗ ನಾವು ಸಭೆಗೆ ಹೋಗಿ ಎಲ್ಲರ ಮುಂದೆ ಹೇಳಿದೆವು, ಮುಚ್ಚಿಡು ಅಂತ ಹೇಳಿದ್ದು ನಾವೇ ಎಂದು. ಹೇಳುವಾಗ ನಾಚಿಕೆಯಾಯಿತು, ಆದರೂ ಹೇಳಿದೆವು. ಆ ಅಕ್ಕ ಸೀರೆ ತಂದು ಚಾಪೆಯ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಅಜ್ಜಿ ಅಂದ್ರು, "ಮೊದ್ಲೇ ಹಿಂಗ್ ತಂದಿಟ್ಟಿದ್ರೆ ನಾವೇ ನೀನೇ ಉಡವ್ವಾ ಅಂತಿದ್ವಲ್ಲೇ." ಎಲ್ಲರೂ ನಕ್ಕರು, ಆ ಅಕ್ಕ ಅತ್ತಳು. ಸೀರೆ ಅವಳಿಗೇ ಇರಲಿ ಎಂದು ನಡಾವಳಿ ಪುಸ್ತಕದಲ್ಲಿ ಬರೆದರು. ಸಂಘ ಉಳಿಯಿತು. ಆದರೆ ಹೋದ ಐದು ಜನರಲ್ಲಿ ಇಬ್ಬರು ವಾಪಸ್ ಬರಲೇ ಇಲ್ಲ. ಆ ಇಬ್ಬರು ಈಗಲೂ ನಮ್ಮ ನೆನಪಿಗೆ ಬರುತ್ತಾರೆ.

ಈಗಿನ ಕಾಲದಲ್ಲಿ ಚೀಲ ಪಲ್ಲಕ್ಕಿಯಲ್ಲಿ ಬರೋದಿಲ್ಲ, ಫೋನಿನಲ್ಲಿ ಬರ್ತದೆ. ಮಾರಿದ ಸಾಮಾನಿನ ದುಡ್ಡು ಪ್ರತಿನಿಧಿಯ ಫೋನಿಗೆ ಟಣ್ ಅಂತ ಬೀಳ್ತದೆ. ಸಂಘದ ದುಡ್ಡು, ಗಂಡ ಕಳಿಸಿದ ದುಡ್ಡು, ಮಗಳ ಫೀಸಿನ ದುಡ್ಡು ಎಲ್ಲಾ ಒಂದೇ ಕಡೆ. ಅವಳು ಕದಿಯುವವಳಲ್ಲ. ಆದರೆ ಮೂರು ತಿಂಗಳಾದ ಮೇಲೆ ಯಾವುದು ಯಾವುದು ಅಂತ ಅವಳಿಗೇ ಗೊತ್ತಾಗೋದಿಲ್ಲ. ಅದಕ್ಕೆ ಸಂಘದ ದುಡ್ಡು ಸಂಘದ ಖಾತೆಗೇ ಬರಬೇಕು. ಅಕಸ್ಮಾತ್ ಅವಳ ಫೋನಿಗೆ ಬಂದರೆ ಅದೇ ವಾರದ ಸಭೆಯಲ್ಲಿ ತೋರಿಸಿ, ನಗದು ಪುಸ್ತಕದಲ್ಲಿ ಬರೆಸಿ, ಖಾತೆಗೆ ಕಟ್ಟಬೇಕು. ಸೇತುವೆಯ ಮಣ್ಣು ನೆನಪಿದೆಯಲ್ಲ? ಮಳೆ ಬಂದ ದಿನವೇ ತುಂಬಬೇಕು.

ಹಾಗೇ ಪ್ರತಿನಿಧಿಯ ಬಸ್ ಚಾರ್ಜು, ಊಟದ ಖರ್ಚು ಸಂಘ ಕೊಡಬೇಕು. ಶ್ವಾರ್ಟ್ಸ್ ಕೂಡ ದಾರಿ ಖರ್ಚು ತಗೊಂಡರು, ಅದರಲ್ಲಿ ತಪ್ಪಿಲ್ಲ. ಕೂಲಿ ಬಿಟ್ಟು ದಾವಣಗೆರೆಗೆ ಓಡಾಡುವ ಹೆಂಗಸು ಕೈಯಿಂದ ಖರ್ಚು ಮಾಡಿದರೆ, ಒಂದಲ್ಲ ಒಂದು ದಿನ ಅದನ್ನು ಹೇಗೆ ತುಂಬಿಕೊಳ್ಳಲಿ ಎಂಬ ಯೋಚನೆ ಬಂದೇ ಬರ್ತದೆ. ಆ ಯೋಚನೆ ಬರುವಂತೆ ಮಾಡಿದ್ದು ಸಂಘದ ತಪ್ಪು.

ಶ್ವಾರ್ಟ್ಸ್ ಕಥೆ ಮುಗಿಸಿಬಿಡ್ತೀವಿ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಮರುವರ್ಷ ಟಿಪ್ಪುವಿನ ಜೊತೆ ಸಂಧಾನಕ್ಕೆ ಮತ್ತೆ ಶ್ವಾರ್ಟ್ಸ್ ಅವರನ್ನೇ ಕಳಿಸಿದರು. ಸತ್ಯಮಂಗಲದಲ್ಲೇ ಟಿಪ್ಪುವಿನ ಅಧಿಕಾರಿಗಳು ತಡೆದು ವಾಪಸ್ ಕಳಿಸಿದರು. ಎಲ್ಲಾ ಸಲವೂ ಬಾಗಿಲು ತೆರೆಯೋದಿಲ್ಲ. ಅವರು ತಿರುಗಿ ಬಂದು ಶಾಲೆಯ ಕೆಲಸ ನೋಡಿಕೊಂಡರು. ತಂಜಾವೂರಿನ ರಾಜ ತುಳಜಾಜಿ 1787ರಲ್ಲಿ ಸಾಯುವ ಮುಂಚೆ ತನ್ನ ದತ್ತುಮಗ ಸರಫೋಜಿಯನ್ನು ಇವರ ಕೈಗೆ ಒಪ್ಪಿಸಿದ. ಧರ್ಮ ಬೇರೆ, ದೇಶ ಬೇರೆ, ಆದರೂ ಮಗನನ್ನು ನಂಬಿ ಬಿಟ್ಟ. ಶ್ವಾರ್ಟ್ಸ್ 1798ರ ಫೆಬ್ರವರಿ 13ರಂದು ತೀರಿಕೊಂಡರು. ಆ ಸರಫೋಜಿ ರಾಜನಾದ ಮೇಲೆ ಇಂಗ್ಲೆಂಡಿನ ಶಿಲ್ಪಿಯಿಂದ ಅಮೃತಶಿಲೆಯಲ್ಲಿ ಒಂದು ಸ್ಮಾರಕ ಮಾಡಿಸಿ ತಂಜಾವೂರಿನಲ್ಲಿ ಇಡಿಸಿದ. ಹಾಸಿಗೆಯಲ್ಲಿ ಮಲಗಿದ ಮುದಿ ಪಾದ್ರಿ, ಅವರ ಕೈ ಹಿಡಿದು ನಿಂತ ರಾಜ. ಹಿಂದೂ ರಾಜ ಕ್ರೈಸ್ತ ಗುರುವಿಗೆ ಮಾಡಿಸಿದ್ದು.

ನಮ್ಮ ಹರಿಹರಕ್ಕೆ ಈ ಕಥೆ ಹೊಂದುತ್ತದೆ ಅನ್ನಿಸ್ತದೆ. ಇಲ್ಲಿಯ ದೇವಸ್ಥಾನದಲ್ಲಿ ಹರಿಯೂ ಇದ್ದಾನೆ, ಹರನೂ ಇದ್ದಾನೆ, ಒಂದೇ ಮೂರ್ತಿಯಲ್ಲಿ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ನಮ್ಮ ಸಂಘಗಳಲ್ಲೂ ಹಿಂದೂ, ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳು ಒಂದೇ ಚಾಪೆಯ ಮೇಲೆ ಕೂರುತ್ತೇವೆ. ಎರಡು ಕಡೆಯವರನ್ನೂ ತನ್ನವರು ಅನ್ನುವವಳು ಪ್ರತಿನಿಧಿಯಾಗಲಿ.

ಕೊನೆಗೆ, ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ಮೂರು ಪ್ರಶ್ನೆ ಇಟ್ಟು ಮಾತಾಡ್ರಿ.

1. ನಮ್ಮ ಪ್ರತಿನಿಧಿಗೆ ಹೊರಗಿನವರು ಏನಾದರೂ ಕೊಟ್ಟರೆ ಏನು ಮಾಡಬೇಕು? ಇದನ್ನು ಈಗಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆಯಿರಿ.

2. ಅವಳ ಓಡಾಟದ ಖರ್ಚು ಎಷ್ಟು, ಯಾವಾಗ ಕೊಡುತ್ತೇವೆ?

3. ಅವಳು ನಮ್ಮ ಪರವಾಗಿ ಕೊಟ್ಟ ಮಾತನ್ನು ಉಳಿಸಲು ನಾವು ಪ್ರತಿಯೊಬ್ಬರೂ ಏನು ಮಾಡುತ್ತೇವೆ?

"ನಡುವೆ ನಿಂತೋರಿಗೆ ಎರಡೂ ಕಡೆ ಏಟು" ಅಂದ ಆ ಅಕ್ಕ ಈವತ್ತು ಇಲ್ಲಿಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿ ಕೂತು ನಗ್ತಾ ಇದ್ದಾರೆ. ಅಕ್ಕಾ, ಏಟು ಬೀಳಬಹುದು, ಸುಳ್ಳು ಹೇಳೋದಿಲ್ಲ. ಆದರೆ ನೀವು ಹೆಸರು ಕೊಟ್ಟರೆ, ಮೊದಲ ಸಲ ಬ್ಯಾಂಕಿಗೆ ಹೋಗುವ ದಿನ ನಾವೂ ಜೊತೆಗೆ ಬರ್ತೀವಿ.

ಬರ್ರಿ, ಊಟ ಮಾಡೋಣ.